ಕರಿ ಮಣ್ಣಿನ ಕೆಳಗಿನ ಬಿಳುಪು

ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ಈ ಬರಹದ ನಡುದಾರಿಯಲ್ಲಿ ಶಹಾಬಾದಿನ ಒಬ್ಬ ಕಲ್ಲು ಒಡೆಯುವ ಕಾಕಾ ಬರುತ್ತಾರೆ, ಒಂದು ಫೋಟೊ ಕೈಗೆ ತೆಗೆದುಕೊಳ್ಳುತ್ತಾರೆ, ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೋಸ್ಕರ ಕಾಯಿರಿ. ಅದಕ್ಕೆ ಮೊದಲು ಅದೇ ಫೋಟೊವನ್ನು ನಾನು ಒಂಬತ್ತು ದಿನ ಹೇಗೆ ತಪ್ಪಾಗಿ ಓದಿದೆ ಅನ್ನುವುದನ್ನು ಹೇಳಬೇಕು. ಹೇಳುವುದು ಸುಲಭವಿಲ್ಲ, ಆದರೂ ಕ್ರಮವಾಗಿ ಹೇಳುತ್ತೇನೆ.

ನಾನು ವಾಡಿಯಲ್ಲಿ, ಸ್ಟೇಷನ್ ರಸ್ತೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಝೆರಾಕ್ಸ್ ಜೊತೆಗೆ ಆನ್‌ಲೈನ್ ಅರ್ಜಿ, ಫೋಟೊ ಪ್ರಿಂಟ್, ಲ್ಯಾಮಿನೇಷನ್ ಎಲ್ಲ ಇದೆ. ರಶಿಯಾದ ಹುಚ್ಚು ನನಗೆ ಹತ್ತಿದ್ದು ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಬೆನ್ನು ಹರಿದ ರಶಿಯನ್ ಅಟ್ಲಾಸಿನಿಂದ. ಅದರ ಅಕ್ಷರ ಓದಬೇಕೆಂದು ಮೊಬೈಲ್ ನೋಡಿ ಲಿಪಿ ಕಲಿತೆ. ಆಮೇಲೆ ನದಿಗಳು, ಕಾಡು, ಕೋಟೆಗಳು, ರೈಲು ದಾರಿ, ಎಲ್ಲಿ ಜನ ಮೊದಲು ನೆಲೆಸಿದರು, ಎಲ್ಲಿಂದ ಎಲ್ಲಿಗೆ ಸರಿದರು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಫೋನಿನಲ್ಲಿ ಒಂದು ಪುಟ ಮಾಡಿಕೊಂಡು ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೆ. ಓದುವವರು ಕಡಿಮೆ, ಚೇಷ್ಟೆ ಮಾಡುವವರೇ ಜಾಸ್ತಿ. ನಮ್ಮ ಮಾಲಕರು ನನ್ನನ್ನು ಹೆಸರಿನಿಂದ ಕರೆಯುವುದನ್ನೇ ಬಿಟ್ಟಿದ್ದರು.

"ಏ ರಶಿಯಾ, ವೋಲ್ಗಾ ಹೊಳಿ ಆಮ್ಯಾಲ ದಾಟು. ಮೊದಲು ಈ ಯಜಮಾನರ ಪಹಣಿ ತೆಗಿ."

ದಸರಾ ಮುಗಿದ ವಾರ. ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದರು. ಕೈಯಲ್ಲಿ ಫೈಲು, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. ಚಿತ್ತಾಪುರ ಕಡೆ ನರ್ಸ್ ಕೆಲಸ, ತವರು ಶಹಾಬಾದ್.

"ರಶಿಯಾದ ಬಗ್ಗೆ ಬರೀತಾರಲ್ಲ, ಅವರು ಯಾರ್ರಿ?"

ಮಾಲಕರು ನಕ್ಕು ನನ್ನ ಕಡೆ ಕೈ ತೋರಿಸಿದರು. "ಇವನೇ ನೋಡ್ರಿ ಅಕ್ಕಾರ. ವಾಡಿ ಬಿಟ್ಟು ಸೇಡಂ ತನಕ ಹೋಗಿಲ್ಲ, ರಶಿಯಾದ ಗಲ್ಲಿ ಗಲ್ಲಿ ಹೇಳ್ತಾನ."

ಅಕ್ಕ ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಫೋನು ನನ್ನ ಮುಂದಿಟ್ಟರು. "ನನ್ನ ತಮ್ಮ ಅಲ್ಲಿ ಹಾನ. ಎಲ್ಲಿ ಹಾನಂತ ಅವಗೂ ಗೊತ್ತಿಲ್ಲ. ನೀ ಹೇಳಬೇಕು."

ಸಂಗತಿ ಇಷ್ಟು. ಅವರ ತಮ್ಮನಿಗೆ ಇಪ್ಪತ್ತಮೂರು ವರ್ಷ. ಒಬ್ಬ ಏಜೆಂಟ್, ಗೋದಾಮಿನಲ್ಲಿ ಸಾಮಾನು ಏರಿಸಿ ಇಳಿಸುವ ಕೆಲಸ ಅಂತ ಹೇಳಿ ಕಳಿಸಿದ್ದ. ಅಲ್ಲಿ ಇಳಿದ ಮೇಲೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿ, ಸೈನ್ಯದ ಬಟ್ಟೆ ಕೊಟ್ಟರು. ಪಾಸ್‌ಪೋರ್ಟ್ ಇಟ್ಟುಕೊಂಡರು. ಮೂರು ಸಲ ಮಾತು ರೆಕಾರ್ಡ್ ಮಾಡಿ ಕಳಿಸಿದ್ದ, ಒಂದು ಫೋಟೊ ಕಳಿಸಿದ್ದ. ಅಷ್ಟೇ. ಆಮೇಲೆ ಅಕ್ಕ ಕಳಿಸಿದ ಸಂದೇಶಗಳಿಗೆಲ್ಲ ವಾಟ್ಸ್ಯಾಪಿನಲ್ಲಿ ಒಂದೇ ಟಿಕ್ ಬೀಳುತ್ತಿತ್ತು, ಎರಡನೆಯದು ಬೀಳುತ್ತಿರಲಿಲ್ಲ.

ಕಲಬುರಗಿಯ ಒಬ್ಬ ವಕೀಲರು ಅರ್ಜಿ ತಯಾರು ಮಾಡಿಕೊಟ್ಟಿದ್ದರು. ದಿಲ್ಲಿಗೊಂದು, ಮಾಸ್ಕೋದಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಗೊಂದು. ಅದರಲ್ಲಿ ಒಂದು ಕಲಂ ಖಾಲಿ: ಈಗ ಇರುವ ಸ್ಥಳ. "ಅಷ್ಟು ದೊಡ್ಡ ದೇಶದೊಳಗ ಹುಡುಕಿ ಕೊಡ್ರಿ ಅಂದ್ರ ಕಾಗದ ಟೇಬಲ್ಲಿಂದ ಟೇಬಲ್ಲಿಗೆ ತಿರಗತದ. ಸೀಮಿ ಯಾವುದು ಅಂತ ಬರದ್ರ ಆ ಸೀಮಿಯವರನ್ನ ಹಿಡಿದು ಕೇಳಾಕ ಬರತದ" ಅಂತ ವಕೀಲರು ಹೇಳಿದ್ದರಂತೆ. ಯುದ್ಧದ ಗೆರೆಗೆ ಕಳಿಸುವ ಮೊದಲು ಇಂಥವರನ್ನು ಕೆಲವು ವಾರ ಒಂದು ಕಡೆ ಇಟ್ಟು ತಯಾರು ಮಾಡುತ್ತಾರೆ. ಹೆಸರು ಕಂಡರೆ ಆ ವಾರಗಳಲ್ಲೇ ಕಾಣಬೇಕು. ನನ್ನ ಕೆಲಸ ಆ ಖಾಲಿ ಕಲಂ ತುಂಬುವುದು.

ನಿಜ ಹೇಳುತ್ತೇನೆ, ನನಗೆ ಆಗ ಹೆಮ್ಮೆ ಆಯಿತು. ಕಲಿತದ್ದು ಯಾರಿಗಾದರೂ ಬೇಕಾಯಿತಲ್ಲ ಅಂತ.

ಒಂದು ನೋಟ್‌ಬುಕ್ ತೆಗೆದು ಕೂತೆ. ಫೋಟೊದೊಳಗೆ ಅಡಗಿರುವ ಸ್ಥಳದ ವಿವರ ವಾಟ್ಸ್ಯಾಪಿನಲ್ಲಿ ಬರುವಾಗ ಅಳಿಸಿಹೋಗುತ್ತದೆ, ಹಾಗಾಗಿ ಅದು ಸಿಗಲಿಲ್ಲ. ಉಳಿದದ್ದು ಕಣ್ಣು, ಕಿವಿ. ಮೊದಲು ಮಾತುಗಳನ್ನು ಕೇಳಿ ಬರೆದುಕೊಂಡೆ.

ಒಂದನೆಯದು: "ಅಕ್ಕಾ, ರೈಲಿನ್ಯಾಗ ಅದೀವಿ. ನಿನ್ನಿ ಹೊತ್ತು ಮುಣಗುಮುಂದ ಮಾಸ್ಕೋ ಬಿಟ್ಟೀವಿ, ಇನ್ನೂ ಮುಟ್ಟಿಲ್ಲ. ಗಾಡಿ ನಡಿಯೂದಕ್ಕಿಂತ ನಿಂದ್ರೂದೇ ಭಾಳ."

ಎರಡನೆಯದು: "ನಿಮ್ಮ ಕಡಿ ಈಗ ಎಷ್ಟಾಗ್ಯಾದ? ಇಲ್ಲಿ ನಿಮಗಿಂತ ಎರಡೂವರಿ ತಾಸು ಹಿಂದ ಅದ."

ಮೂರನೆಯದು ಚಿಕ್ಕದು: "ಚಳಿ ಭಾಳ ಅದಕ್ಕಾ. ಅವ್ವಗ ಹೇಳಬ್ಯಾಡ. ಫೋಟೊ ಕಳಿಸೀನಿ ನೋಡು, ಸೊರಗೀನೋ ಇಲ್ಲೋ."

ಎರಡೂವರೆ ತಾಸು ಅಂದರೆ ಮಾಸ್ಕೋದ ಗಡಿಯಾರ. ಸೈಬೀರಿಯಾ ಪೂರ್ತಿ ಹೊರಗಾಯಿತು. ಆದರೆ ಮಾಸ್ಕೋದ ಗಡಿಯಾರ ಉತ್ತರದ ಬಿಳಿ ಸಮುದ್ರದಿಂದ ದಕ್ಷಿಣದ ಕರಿ ಸಮುದ್ರದವರೆಗೂ ನಡೆಯುತ್ತದೆ. ಉತ್ತರವೋ ದಕ್ಷಿಣವೋ ಅನ್ನುವುದೇ ಪ್ರಶ್ನೆ, ಯಾಕಂದರೆ ಯುದ್ಧ ಇರುವುದು ದಕ್ಷಿಣದಲ್ಲಿ. ಅದಕ್ಕೆ ಜವಾಬು ಫೋಟೊದಲ್ಲಿತ್ತು.

ಹುಡುಗ ಹಸಿರು ಜಾಕೆಟ್ ಹಾಕಿ ನಿಂತಿದ್ದ, ಕಪ್ಪು ಉಣ್ಣೆ ಟೋಪಿ. ಹಿಂದೆ ಅವನ ತಲೆಗಿಂತ ಎತ್ತರದ ಬಿಳಿ ದಿಬ್ಬ. ದಿಬ್ಬದ ಮೇಲೆ ಉದ್ದಕ್ಕೂ ಒಂದು ಕಪ್ಪು ಪಟ್ಟೆ. ಎಡಗಡೆ ದೂರದಲ್ಲಿ ಎಲೆ ಉದುರಿದ ಐದು ಮರ, ಸಾಲಾಗಿ. ಬಲಗಡೆ ವಾಲಿದ ಒಂದು ಕಬ್ಬಿಣದ ನೀರಿನ ಟ್ಯಾಂಕು, ತಲೆ ಕೆಳಗಾಗಿಟ್ಟ ಬಾಟಲಿಯ ಹಾಗೆ.

ನಾನು ಓದಿದ್ದು ಹೀಗೆ. ಬಿಳಿ ದಿಬ್ಬ ಅಂದರೆ ಹಿಮ. ಮೇಲಿನ ಕಪ್ಪು ಪಟ್ಟೆ ಅಂದರೆ ಡಾಂಬರು ರಸ್ತೆ. ಯಂತ್ರದಿಂದ ರಸ್ತೆಯ ಹಿಮ ತಳ್ಳಿ ಬದಿಗೆ ಗೋಡೆಯ ಹಾಗೆ ಒಟ್ಟುತ್ತಾರೆ, ಎಷ್ಟೋ ವಿಡಿಯೊದಲ್ಲಿ ನೋಡಿದ್ದೆ. ಈ ತಿಂಗಳಿಗೇ ಆಳೆತ್ತರ ಹಿಮ ಇದೆ ಅಂದರೆ ಅದು ದೂರದ ಉತ್ತರ. ಒಂದು ರಾತ್ರಿ ಒಂದು ಹಗಲಿನ ರೈಲೂ ಲೆಕ್ಕಕ್ಕೆ ಕೂತಿತು: ಮಾಸ್ಕೋದಿಂದ ಬಿಳಿ ಸಮುದ್ರದ ದಂಡೆಯ ಅರ್ಖಾಂಗೆಲ್ಸ್ಕ್‌ಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಗಾಡಿ ನಿಂತು ನಿಂತು ಹೋಯಿತು ಅಂತ ಹುಡುಗ ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ, ಆದರೆ ಲೆಕ್ಕದೊಳಗೆ ತರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಹುಟ್ಟಿ ಬೆಳೆದವನು ನಾನು. ಗೂಡ್ಸ್ ಗಾಡಿಗಳು ಅರ್ಧ ದಿನ ಸಿಗ್ನಲ್ಲಿಗೆ ಕಾಯುವುದನ್ನು ದಿನಾ ನೋಡುತ್ತೇನೆ. ತಾಸು ಜಾಸ್ತಿಯಾದರೆ ದೂರ ಜಾಸ್ತಿ ಅಂತ ಏನೂ ಇಲ್ಲ ಅನ್ನುವುದು ನಮ್ಮೂರಿನ ಹಮಾಲನಿಗೂ ಗೊತ್ತು.

ನನ್ನ ಸಂಶಯ ಹೋಗಿಬಿಟ್ಟಿತ್ತು. ಅದೇ ನನ್ನ ತಪ್ಪು.

"ಅಕ್ಕಾರ, ಉತ್ತರದಾಗ ಹಾನ. ಅರ್ಖಾಂಗೆಲ್ಸ್ಕ್ ಸೀಮಿ. ಯುದ್ಧ ಅಲ್ಲಿಂದ ಸಾವಿರ ಕಿಲೋಮೀಟರಿಗಿಂತ ದೂರ."

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದರು. "ಅವ್ವ ನನ್ನ ಮಾತು ನಂಬಂಗಿಲ್ಲ. ನೀನೇ ಹೇಳು ತಮ್ಮಾ. ಎಂಟು ದಿನ ಆತು, ಬರೇ ಚಹಾದ ಮ್ಯಾಲ ಹಾಳ."

ನಾನು ಹೇಳಿದೆ. ಆ ಕಡೆಯಿಂದ ಅವ್ವ ಕೇಳಿದರು: "ಸಾವಿರ ಅಂದ್ರ ಎಷ್ಟು ದೂರಪ್ಪಾ?"

"ಮುಂಬೈಗೆ ಹೋಗಿ ತಿರುಗಿ ಬಂದಷ್ಟು, ಅವ್ವಾ."

"ಹಂಗಾರ ಬಾಂಬಿನ ಆವಾಜ್ ಸುದ್ದಾ ಅವಗ ಕೇಳಂಗಿಲ್ಲ."

"ಕೇಳಂಗಿಲ್ಲವ್ವಾ."

ಅವತ್ತು ಅವ್ವ ಒಂದು ರೊಟ್ಟಿ ತಿಂದರು ಅಂತ ಅಕ್ಕ ಸಂಜೆ ಫೋನು ಮಾಡಿ ತಿಳಿಸಿದರು. ಖಾಲಿ ಕಲಂನಲ್ಲಿ ನಾನೇ ಟೈಪು ಮಾಡಿದೆ, ಅರ್ಖಾಂಗೆಲ್ಸ್ಕ್ ಸೀಮೆ ಅಂತ. ಅರ್ಜಿ ಹೋಯಿತು. ಮುಟ್ಟಿದ್ದಕ್ಕೆ ನಂಬರು ಬಂತು.

ಒಂಬತ್ತು ದಿನ ಕಳೆಯಿತು. ಕಚೇರಿಯಿಂದ ಒಂದು ಮೇಲ್ ಬಂತು: ಹುಡುಗನ ಇತ್ತೀಚಿನ ಫೋಟೊವನ್ನು ಸ್ಪಷ್ಟವಾಗಿ ಪ್ರಿಂಟ್ ತೆಗೆದು, ಮನೆಯವರ ಸಹಿಯೊಂದಿಗೆ ಸ್ಕ್ಯಾನ್ ಮಾಡಿ ಕಳಿಸಿ ಅಂತ. ಅಕ್ಕನಿಗೆ ಡ್ಯೂಟಿ ಇತ್ತು. ಅವರ ತಂದೆ ಬಂದರು, ಶಹಾಬಾದಿನಿಂದ ಬೆಳಗಿನ ರೈಲು ಹತ್ತಿ.

ಕಾಕಾಗೆ ಐವತ್ತರ ಆಸುಪಾಸು. ಫರಸಿ ಕಲ್ಲಿನ ಖಣಿಯಲ್ಲಿ ಚಿಕ್ಕಂದಿನಿಂದ ಕಲ್ಲು ಎಬ್ಬಿಸುವ ಕೆಲಸ. ಫರಸಿ ಅಂದರೆ ನಿಮ್ಮ ಮನೆಯ ನೆಲಕ್ಕೂ ಹಾಸಿರಬಹುದು, ಅದೇ ಶಹಾಬಾದ್ ಕಲ್ಲು. ಒಳಗೆ ಬಂದು "ಜೈ ಭೀಮ್" ಅಂದರು, ಚಪ್ಪಲಿ ಹೊರಗೆ ಬಿಟ್ಟಿದ್ದರು. "ಕುಂದ್ರಿ ಕಾಕಾ" ಅಂದರೂ ಕೂರಲಿಲ್ಲ, ಮಿಷಿನ್ನಿನ ಪಕ್ಕದಲ್ಲೇ ನಿಂತರು. ಫೋಟೊ ದೊಡ್ಡದು ಮಾಡಿ, ಎ ನಾಲ್ಕು ಹಾಳೆಯ ತುಂಬ ಪ್ರಿಂಟ್ ಕೊಟ್ಟೆ. ಹಾಳೆ ಇನ್ನೂ ಬೆಚ್ಚಗಿತ್ತು.

ಆ ಫೋಟೊವನ್ನು ಅವರು ಮಗಳ ಫೋನಿನಲ್ಲಿ ಎಷ್ಟೋ ಸಲ ನೋಡಿದ್ದರು. ಆದರೆ ಅಲ್ಲಿ ನೋಡಿದ್ದು ಮಗನ ಮುಖ ಮಾತ್ರ. ಈಗ ಹಾಳೆ ದೊಡ್ಡದು. ಹಿಡಿದುಕೊಳ್ಳುವಾಗ ಅವರ ಬಲಗೈ ಹೆಬ್ಬೆರಳು ಸರಿಯಾಗಿ ಮಗನ ಮುಖದ ಮೇಲೆ ಬಿತ್ತು. ದಪ್ಪ ಹೆಬ್ಬೆರಳು, ಉಗುರು ಒಡೆದದ್ದು. ಮುಖ ಮರೆಯಾಯಿತು. ಉಳಿದದ್ದು ನೆಲ.

ಕಾಕಾ ಹಾಳೆಯನ್ನು ಬಾಗಿಲಿನ ಬೆಳಕಿಗೆ ಒಯ್ದರು. ಎಷ್ಟೋ ಹೊತ್ತು ಅಲ್ಲೇ ನಿಂತರು.

"ತಮ್ಮಾ, ಇದು ಏನು?"

"ಹಿಮ ಕಾಕಾ. ಬರ್ಫ್."

"ನೀ ಬರ್ಫ್ ನೋಡೀಯೇನು?"

"ಇಲ್ಲ ಕಾಕಾ. ವಿಡಿಯೊದಾಗ."

"ನಾನೂ ನೋಡಿಲ್ಲ. ಒಂದು ಕೇಳ್ತೀನಿ. ಅದು ಮ್ಯಾಲಿಂದ ಬೀಳ್ತದೋ, ಕೆಳಗಿಂದ ಏಳ್ತದೋ?"

"ಮ್ಯಾಲಿಂದ ಬೀಳ್ತದ."

"ಮತ್ತ ಮಣ್ಣಿನ ಬುಡಕ ಹ್ಯಾಂಗ ಹೊಕ್ಕಿತು?"

ನಾನು ಎದ್ದು ಹೋಗಿ ಅವರ ಪಕ್ಕ ನಿಂತೆ. "ಅದು ಮಣ್ಣಲ್ಲ ಕಾಕಾ, ಡಾಂಬರು ರೋಡು" ಅಂದೆ. ಅನ್ನುವಷ್ಟರಲ್ಲೇ ನನಗೆ ಕಂಡಿತು. ಕಪ್ಪು ಪಟ್ಟೆಯ ಅಂಚಿನಿಂದ ಬೇರುಗಳು ಇಳಿಬಿದ್ದಿದ್ದವು. ಬಿಳಿ ಗೋಡೆಯ ಮೇಲೆ ದಾರದ ಹಾಗೆ ಸಣ್ಣ ಸಣ್ಣ ಬೇರು. ಫೋನಿನ ಪರದೆಯಲ್ಲಿ ಅವು ಗೀರುಗಳ ಹಾಗೆ ಇದ್ದವು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಡಾಂಬರಿಗೆ ಬೇರು ಇರುವುದಿಲ್ಲ.

ಕಾಕಾ ಮೆಲ್ಲಗೆ ಹೇಳುತ್ತಾ ಹೋದರು. ಖಣಿಯಲ್ಲಿ ಹೊಸಬರಿಗೆ ಕಲಿಸುವ ಹಾಗೆ. "ಇವನ ಟೋಪಿ ಮ್ಯಾಲ ಬಿಳುಪಿಲ್ಲ. ಹುಲ್ಲಿನ ಮ್ಯಾಲ ಇಲ್ಲ. ಗಿಡದ ಮ್ಯಾಲ ಇಲ್ಲ. ಬರೇ ಗ್ವಾಡಿ ಬೆಳ್ಳಗದ. ಮ್ಯಾಲ ಎರಿ ಮಣ್ಣು, ಬುಡಕ ಕಲ್ಲು. ನಮ್ಮ ಖಣಿಯೂ ಹಿಂಗೇ ಅದ ನೋಡು. ಎರಿ ತೆಗದ್ರ ಫರಸಿ. ಇದು ಫರಸಿಗಿಂತ ಮೆತ್ತಗಿನ ಕಲ್ಲು, ಸುಣ್ಣದಂಥಾದ್ದು. ಉಗುರಿಲೆ ಕೆರದ್ರ ಪುಡಿ ಬೀಳ್ತದ, ಇವನ ಬೂಟು ನೋಡು."

ಬೂಟಿನ ತುದಿ ಬೆಳ್ಳಗಿತ್ತು. ಒದ್ದೆಯಾಗಿರಲಿಲ್ಲ. ಹಿಟ್ಟು ಮೆತ್ತಿದ ಹಾಗಿತ್ತು.

ನಮ್ಮ ಅಂಗಡಿಯ ಎದುರು ಒಂದು ಬೇವಿನ ಮರ ಇದೆ. ಸಿಮೆಂಟು ಊರಿನ ಮರ, ವರ್ಷದಲ್ಲಿ ಎಂಟು ತಿಂಗಳು ಅದರ ಎಲೆಯ ಮೇಲೆ ಬೂದು ಬಿಳುಪು ಕೂತಿರುತ್ತದೆ. ನಾನು ದಿನಾ ಬೆಳಿಗ್ಗೆ ಅದೇ ಪುಡಿಯನ್ನು ಗ್ಲಾಸಿನ ಮೇಲಿಂದ ಒರೆಸಿ ಅಂಗಡಿ ತೆಗೆಯುತ್ತೇನೆ. ಕಲ್ಲಿನ ಪುಡಿಯನ್ನು ನೋಡುತ್ತಾ ಬೆಳೆದವನು ಅದನ್ನು ಹಿಮ ಅಂದುಕೊಂಡೆ, ಯಾಕಂದರೆ ಅದು ರಶಿಯಾ. ರಶಿಯಾದಲ್ಲಿ ಬಿಳಿ ಕಂಡರೆ ಹಿಮವೇ ಆಗಿರಬೇಕು ಅಂತ ನನ್ನ ತಲೆ ಮೊದಲೇ ತೀರ್ಮಾನ ಮಾಡಿತ್ತು.

ಅಟ್ಲಾಸ್ ತೆಗೆಯುವ ಅಗತ್ಯವೇ ಇರಲಿಲ್ಲ, ಪುಟ ನೆನಪಿತ್ತು. ರಶಿಯನ್ನರ ಮೂಲ ನೆಲೆ ಉತ್ತರದ ಕಾಡು. ಓಕಾ ಮತ್ತು ವೋಲ್ಗಾ ಹೊಳೆಗಳ ನಡುವೆ ಮರದ ಮನೆ ಕಟ್ಟಿಕೊಂಡು, ಹೊಳೆಯನ್ನೇ ದಾರಿ ಮಾಡಿಕೊಂಡು ಬದುಕಿದ ಜನ. ಅಲ್ಲಿಯ ಮಣ್ಣು ತೆಳು, ಬೂದು. ದಕ್ಷಿಣಕ್ಕೆ ಬಂದ ಹಾಗೆ ಕಾಡು ಮುಗಿದು ಹುಲ್ಲಿನ ಬಯಲು ಸುರುವಾಗುತ್ತದೆ, ಮಣ್ಣು ನಮ್ಮ ಎರಿ ನೆಲದ ಹಾಗೆ ಕರ್ರಗಾಗುತ್ತದೆ. ಆ ಕರಿ ಮಣ್ಣಿನ ಕೆಳಗೆ ಸೀಮೆಸುಣ್ಣದಂಥ ಬಿಳಿ ಕಲ್ಲು ಇರುವುದು ಡಾನ್ ಹೊಳೆಯ ಬಲದಂಡೆಯಲ್ಲಿ, ಮತ್ತು ಬೆಲ್ಗೊರೋದ್ ಸೀಮೆಯಲ್ಲಿ. ವೋಲ್ಗಾ ದಂಡೆಯಲ್ಲೂ ಇದೆ, ಆದರೆ ಅಲ್ಲಿಯ ಗಡಿಯಾರ ಬೇರೆ. ಹುಡುಗ ಎರಡೂವರೆ ತಾಸು ಅಂದಿದ್ದ. ಸಾಲು ಮರಗಳೂ ಈಗ ಅರ್ಥವಾದವು. ಕಾಡಿನಲ್ಲಿ ಮರ ಸಾಲಾಗಿ ನಿಲ್ಲುವುದಿಲ್ಲ. ಬಯಲಿನಲ್ಲಿ ಗಾಳಿ ತಡೆಯಲು ಸಾಲಾಗಿ ನೆಡುತ್ತಾರೆ. ಎಲ್ಲವೂ ಫೋಟೊದಲ್ಲೇ ಇತ್ತು.

ಡಾನ್ ಬಲದಂಡೆ ಆಗಲಿ, ಬೆಲ್ಗೊರೋದ್ ಸೀಮೆ ಆಗಲಿ, ಎರಡೂ ಗಡಿಯ ಕಡೆಗೇ. ಗಡಿ ಅಂದರೆ ಯುದ್ಧ.

"ಎಲ್ಲಿ ಅಂತ ಗೊತ್ತಾತೇನು?" ಕಾಕಾ ಕೇಳಿದರು.

"ಗೊತ್ತಾತು ಕಾಕಾ. ನಾ ತಪ್ಪು ಹೇಳೀನಿ. ಉತ್ತರ ಅಲ್ಲ."

ಅವರು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಹೆಬ್ಬೆರಳು ಸರಿಸಿ ಮಗನ ಮುಖ ಒಂದು ಸಲ ನೋಡಿದರು, ಮತ್ತೆ ಮುಚ್ಚಿದರು. "ಈಗ ಸ್ಟೂಲು ಕೊಡು" ಅಂದರು. ಆಗ ಕೂತರು.

ಬರೀ ಸೀಮೆ ಸಾಲದು, ಇನ್ನೂ ಹತ್ತಿರದ ಗುರುತು ಬೇಕಿತ್ತು. ಉಪಗ್ರಹದ ಚಿತ್ರ ತೆರೆದೆ. ಆ ಸೀಮೆಗಳ ಕರಿ ಹೊಲಗಳ ನಡುವೆ ಬಿಳಿ ಮಚ್ಚೆಗಳು, ಸುಣ್ಣದ ನೀರು ತುಳುಕಿದ ಹಾಗೆ, ಲೆಕ್ಕ ಇಲ್ಲದಷ್ಟು. ಹೊಳೆಯ ದಂಡೆಗಳು, ಗುಡ್ಡದ ಪಕ್ಕೆಗಳು, ಕಮರಿಗಳು. ನಾನು ಒಂದೊಂದಾಗಿ ಹುಡುಕಲು ಸುರು ಮಾಡಿದೆ. ಕಾಕಾ ಸ್ವಲ್ಪ ಹೊತ್ತು ನೋಡಿ, "ಹೊಳಿ ಬಿಡು" ಅಂದರು.

"ಯಾಕ್ರಿ ಕಾಕಾ?"

"ಹೊಳಿ ಕಡದ ಗ್ವಾಡಿ ಹಿಂಗ ಇರಂಗಿಲ್ಲ. ನೋಡು, ಇಲ್ಲಿ ಒಂದು ಮೆಟ್ಟು, ಇಲ್ಲಿ ಒಂದು ಮೆಟ್ಟು. ಮೆಟ್ಟಲಾ ಬಿಟ್ಟು ಕಡದಾರ, ಮ್ಯಾಲಿಂದು ಕುಸೀಬಾರ್ದಂತ. ಇದು ಮಂದಿ ಕಡದದ್ದು. ಖಣಿ. ಬಿಟ್ಟು ಭಾಳ ವರ್ಷ ಆಗ್ಯಾದ, ಮೆಟ್ಟಿನ ಮ್ಯಾಲ ಹುಲ್ಲು ಬಂದದ."

ಹಾಗೆ ಹುಡುಕಾಟ ಅರ್ಧಕ್ಕರ್ಧ ಕಡಿಮೆ ಆಯಿತು. ಬಿಟ್ಟುಹೋದ ಖಣಿಗಳು ಮಾತ್ರ. ಆ ದಿನ ಸಂಜೆಯವರೆಗೆ, ಮರುದಿನ ಬೆಳಗಿನಿಂದ ಮತ್ತೆ. ಗಿರಾಕಿ ಬಂದರೆ ಮಾಲಕರೇ ಎದ್ದು ಝೆರಾಕ್ಸ್ ತೆಗೆದರು. ಅವತ್ತು ಅವರು ನನ್ನನ್ನು ರಶಿಯಾ ಅಂತ ಕರೆಯಲಿಲ್ಲ. ನಾನು ಚಿತ್ರ ಸರಿಸುವುದು, ಕಾಕಾ ನೋಡುವುದು. "ಇದು ದೊಡ್ಡದಾತು." "ಇದು ಇನ್ನೂ ನಡ್ಯಾಕತ್ತದ, ಗಾಡಿ ಅದಾವ." "ಇದಕ್ಕ ನೀರು ನಿಂತದ." ಎರಡನೆಯ ದಿನ ಮಧ್ಯಾಹ್ನ ಬೆಲ್ಗೊರೋದ್ ಸೀಮೆಯಲ್ಲಿ ಒಂದು ಖಣಿ ಸಿಕ್ಕಿತು. ಪೂರ್ವದ ಅಂಚಿಗೆ ನೀರಿನ ಟ್ಯಾಂಕು, ನೆರಳು ನೋಡಿದರೆ ವಾಲಿದ್ದು. ಪಶ್ಚಿಮಕ್ಕೆ ಸಾಲು ಮರ. ಗಡಿಯಿಂದ ನಲವತ್ತು ಕಿಲೋಮೀಟರು.

ಕಾಕಾ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ನಿಂತಾನ" ಅಂದರು. ಬೆರಳು ತೆಗೆಯಲಿಲ್ಲ.

ಈಗ ಅರ್ಜಿ ತಿದ್ದಬೇಕು. ನಾನು ವಕೀಲರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ ಉಸಿರು ಬಿಟ್ಟರು.

"ತಮ್ಮಾ, ಬರೇ ಹೊಸ ಜಾಗ ಸೇರಿಸು. ಹಳೇದು ತಪ್ಪು ಅಂತ ಬರೀಬ್ಯಾಡ. ತಪ್ಪು ಅಂತ ಬರದ್ರ ಎರಡನೇದ್ದನ್ನೂ ನಂಬಂಗಿಲ್ಲ."

"ಎರಡೂ ಇದ್ರ ಅವರು ಎಲ್ಲಿ ಕೇಳಬೇಕ್ರಿ ಸಾಹೇಬ್ರ?"

"ಎರಡೂ ಕಡಿ ಕೇಳ್ತಾರ."

"ಮೊದಲು ಉತ್ತರದವರನ್ನ ಕೇಳಿ, ಅವರು ಇಲ್ಲ ಅಂದ ಮ್ಯಾಲ ಇವರನ್ನ ಕೇಳ್ತಾರ. ಅಷ್ಟು ದಿನ ಇಲ್ರಿ."

ಅಕ್ಕನೂ ಬೇಡ ಅಂದರು. ಅವರ ಕಾರಣ ಬೇರೆ. "ಹೊಸಾದು ಬರಿ, ಆದ್ರ ಅವ್ವಗ ಗೊತ್ತಾಗಬಾರ್ದು. ಈಗ ನಾಕು ತುತ್ತು ಉಣ್ಣಾಕತ್ತಾಳ." ತಿದ್ದುಪಡಿಗೆ ಮನೆಯ ಎಲ್ಲರ ಸಹಿ ಬೇಕಿತ್ತು, ಅವ್ವನದೂ. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬಹುದಿತ್ತು. ಅವರ ಮಗನಿಂದ ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿದ್ದರು. ನಾನೂ ಅದನ್ನೇ ಮಾಡಬೇಕೇ ಅಂತ ಕಾಕಾನ ಮುಖ ನೋಡಿದೆ.

"ಕಲ್ಲು ಸೀಳಿದ ಮ್ಯಾಲ ಸೀಳಿಲ್ಲ ಅನ್ನಾಕ ಬರಂಗಿಲ್ಲ ಮಗಾ" ಅಂದರು ಕಾಕಾ. "ಬರಿ. ಖರೆ ಏನದ ಅದೇ ಬರಿ. ಅಕಿಗೂ ಹೇಳಮು."

ಬರೆದೆ. ಮೊದಲ ಅರ್ಜಿಯಲ್ಲಿ ಕೊಟ್ಟ ಸ್ಥಳ ತಪ್ಪು, ಅದು ಮನೆಯವರ ಹೇಳಿಕೆ ಅಲ್ಲ, ಫೋಟೊದ ಬಿಳಿ ಕಲ್ಲನ್ನು ಹಿಮ ಅಂತ ಓದಿದ ನನ್ನ ಊಹೆ, ಅಂತ. ಕೆಳಗೆ ನನ್ನ ಹೆಸರು, ಫೋನ್ ನಂಬರು. ಆಮೇಲೆ ಹೊಸ ಸ್ಥಳ, ನಕ್ಷೆಯ ಗುರುತು, ಮಣ್ಣು, ಕಲ್ಲು, ಮೆಟ್ಟಿಲು, ಟ್ಯಾಂಕು, ಮರ, ಒಂದೊಂದಕ್ಕೂ ಒಂದೊಂದು ಸಾಲು. ಅದೇ ಸಂಜೆ ಕಾಕಾನ ಜೊತೆ ಶಹಾಬಾದಿಗೆ ಹೋದೆ.

ಅವ್ವ ಹೊಸ್ತಿಲ ಹತ್ತಿರ ಕೂತು ತೊಗರಿ ಬೇಳೆ ಆರಿಸುತ್ತಿದ್ದರು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಹುಡುಗನ ಕಾಲೇಜಿನ ಗುರುತಿನ ಚೀಟಿ ಮೊಳೆಗೆ ತೂಗು ಹಾಕಿತ್ತು. ನನ್ನ ಧ್ವನಿ ಕೇಳಿಯೇ ಗುರುತು ಹಿಡಿದರು. "ಬಾ ಮಗಾ, ನೀನೇನು ಅವ್ವಗ ರೊಟ್ಟಿ ತಿನಿಸಿದಾಂವ" ಅಂತ ನಕ್ಕರು.

ನಾನು ನಿಂತುಕೊಂಡೇ ಹೇಳಿದೆ. ತಪ್ಪಾಯಿತು ಅಂದೆ. ಉತ್ತರ ಅಲ್ಲ, ದಕ್ಷಿಣ ಅಂದೆ. ಎಷ್ಟು ದೂರ ಅಂತ ಅವರು ಕೇಳುತ್ತಾರೆ, ಇಲ್ಲಿಂದ ಕಲಬುರಗಿಗೆ ಹೋಗಿ ಮುಂದೆ ಸ್ವಲ್ಪ ಅಂತ ಹೇಳಬೇಕು ಅಂದುಕೊಂಡಿದ್ದೆ. ಅವರು ದೂರ ಕೇಳಲಿಲ್ಲ.

"ಅಲ್ಲಿಗೆ ಆವಾಜ್ ಕೇಳ್ತದೇನು?"

ಅದು ನಾನೇ ಹೇಳಬೇಕಾದ ಮಾತು.

"ಕೇಳ್ತದವ್ವಾ."

ಅವರು ಮೊರ ಕೆಳಗಿಟ್ಟು ಎಡಗೈ ಮುಂದೆ ಚಾಚಿದರು. ಅಕ್ಕ ಶಾಯಿ ಹಚ್ಚಿ ಹೆಬ್ಬೆಟ್ಟು ಒತ್ತಿಸಿದರು. ಆಮೇಲೆ ಅವ್ವ ಆ ಶಾಯಿಯ ಕೈಯಿಂದಲೇ ಮತ್ತೆ ಬೇಳೆ ಆರಿಸತೊಡಗಿದರು. ಯಾರೂ ತಡೆಯಲಿಲ್ಲ.

ಕಾಗದ ಹೋಯಿತು. ಕಾಯುವ ದಿನಗಳಲ್ಲಿ ನಾನು ಆ ಸೀಮೆಯ ಇತಿಹಾಸವನ್ನೇ ಮತ್ತೆ ಓದಿದೆ, ಬೇರೆ ಏನು ಮಾಡಬೇಕೋ ತಿಳಿಯದೆ. ಕಾಡಿನ ಜನ ಆ ಬಯಲಿಗೆ ಹೆದರುತ್ತಿದ್ದರು. ಅಲ್ಲಿಂದ ಕುದುರೆ ದಂಡು ನುಗ್ಗುತ್ತಿತ್ತು. ಸುಮಾರು ನಾನ್ನೂರು ವರ್ಷದ ಹಿಂದೆ ಅವರು ಬಯಲಿನ ಅಂಚಿಗೆ ಮಣ್ಣಿನ ಗೋಡೆ ಎಬ್ಬಿಸಿ, ಮರದ ಕೋಟೆಗಳ ಸಾಲು ಕಟ್ಟಿದರು. ಕಾಯಲು ಬೇರೆ ಬೇರೆ ಕಡೆಯಿಂದ ಆಳುಗಳನ್ನು ತಂದು ಕೂರಿಸಿದರು, ನೆಲ ಕೊಡುತ್ತೇವೆ ಅಂತ ಹೇಳಿ. ಇದನ್ನು ನಾನು ಹಿಂದೆ ನನ್ನ ಪುಟದಲ್ಲಿ ಬಹಳ ಉತ್ಸಾಹದಿಂದ ಬರೆದಿದ್ದೆ. ಕೋಟೆಗಳ ಹೆಸರು, ಗೋಡೆಯ ಉದ್ದ ಎಲ್ಲ ಹಾಕಿದ್ದೆ. ಆ ಗೋಡೆಯ ಮೇಲೆ ನಿಂತವರ ಮನೆ ಎಲ್ಲಿತ್ತು, ಅವರ ಅವ್ವನಿಗೆ ಯಾರು ಏನು ಹೇಳಿದರು ಅನ್ನುವುದು ಹೊಳೆದಿರಲಿಲ್ಲ.

ಮೂರು ವಾರದ ಮೇಲೆ ಉತ್ತರ ಬಂತು. ಅಕ್ಕ, ಕಾಕಾ ಇಬ್ಬರೂ ಅಂಗಡಿಗೆ ಬಂದರು. ನಾನೇ ಓದಿ ಕನ್ನಡದಲ್ಲಿ ಹೇಳಿದೆ. ತಿದ್ದುಪಡಿಯಲ್ಲಿ ಕೊಟ್ಟ ಸ್ಥಳದಲ್ಲಿ ವಿಚಾರಿಸಲಾಗಿದೆ. ಆ ಹೆಸರಿನ ವ್ಯಕ್ತಿ ಅಲ್ಲಿ ಇದ್ದದ್ದು ನಿಜ. ಅವನಿದ್ದ ತಂಡವನ್ನು ಮುಂದಕ್ಕೆ ಕಳಿಸಲಾಗಿದೆ. ಈಗಿನ ಸ್ಥಿತಿ ಗೊತ್ತಿಲ್ಲ. ಕಳಿಸಿದ ತಾರೀಖು ಅದರಲ್ಲಿತ್ತು.

ಅಕ್ಕ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ನಾನು ನೋಡುವ ಅಗತ್ಯ ಇರಲಿಲ್ಲ. ನಮ್ಮ ಮೊದಲ ಅರ್ಜಿ ಹೋಗಿ ಆರನೆಯ ದಿನ. ಅಂದರೆ ಮೊದಲ ಐದು ದಿನ ಅವನು ಆ ಬಿಳಿ ಗೋಡೆಯ ಬುಡದಲ್ಲೇ ಇದ್ದ, ನಮ್ಮ ಕಾಗದ ಬಿಳಿ ಸಮುದ್ರದ ಕಡೆ ಕೈ ತೋರಿಸುತ್ತಿತ್ತು.

"ಮೊದಲೇ ಸರಿ ಬರದಿದ್ರೂ ಐದು ದಿನದಾಗ ಏನಾಗ್ತಿತ್ತು ತಮ್ಮಾ, ಏನೂ ಆಗ್ತಿರಲಿಲ್ಲ" ಅಂದರು ಅಕ್ಕ. ನನಗೋಸ್ಕರ ಅಂದ ಮಾತು. ಅದು ನಿಜ ಇರಬಹುದು. ಸುಳ್ಳೂ ಇರಬಹುದು. ಇನ್ನು ಅದನ್ನು ತಿಳಿಯುವ ದಾರಿ ಇಲ್ಲ, ಮತ್ತು ನಾನು ಅದರ ಜೊತೆಯೇ ಇರಬೇಕು.

ಆಮೇಲೆ ನಾನು ಆ ಮನೆಗೆ ತುಂಬಿಕೊಟ್ಟ ಕೊನೆಯ ಫಾರಂ, ಕಾಕಾನ ರಕ್ತದ ಮಾದರಿಯದು. ಗುರುತು ಸಿಗದವರನ್ನು ತಂದೆತಾಯಿಯ ರಕ್ತದಿಂದ ಹೋಲಿಸಿ ನೋಡುತ್ತಾರೆ. ಕಾಕಾ ಕಲಬುರಗಿಗೆ ಹೋಗಿ ಕೊಟ್ಟು ಬಂದರು. ಇದನ್ನು ಬರೆಯುವವರೆಗೂ ಉತ್ತರ ಬಂದಿಲ್ಲ. ಅವ್ವ ಈಗಲೂ ನಾನು ಫೋನು ಮಾಡಿದರೆ ಮಾತಾಡುತ್ತಾರೆ. ಏನೂ ಕೇಳುವುದಿಲ್ಲ.

ಹೋದ ತಿಂಗಳು ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದರು. ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡಿದರು. ಗಂಡನನ್ನು ಅದೇ ಥರ ಕಳಿಸಿದ್ದಾರೆ, ಕೈಯಲ್ಲಿ ಒಂದೇ ಒಂದು ಫೋಟೊ. ನಾನು ಅದನ್ನು ನೋಡಿ ಏನೂ ಹೇಳಲಿಲ್ಲ. ಪ್ರಿಂಟ್ ತೆಗೆದು ಶಹಾಬಾದಿಗೆ ಫೋನು ಮಾಡಿದೆ. ಖಣಿ ಬಿಟ್ಟ ಮೇಲೆ ಕಾಕಾ ಸಂಜೆಯ ರೈಲಿಗೆ ಬಂದರು. ಆ ಅಮ್ಮನಿಗೆ "ಅಂಜಬ್ಯಾಡ ತಂಗಿ" ಅಂದರು, ಸ್ಟೂಲು ಎಳೆದು ಕೂತರು, ಹಾಳೆಯನ್ನು ಬೆಳಕಿಗೆ ಹಿಡಿದರು. ಮೊದಲು ಮುಖದ ಮೇಲೆ ಹೆಬ್ಬೆರಳು ಇಟ್ಟರು.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಮನೆಯವರು, ಓಣಿಯವರು ಹೀಗೆ ಗುರುತಿಲ್ಲದ ಜಾಗದಿಂದ ಕಳಿಸಿದ ಫೋಟೊ ನಿಮ್ಮ ಹತ್ತಿರ ಇದ್ದರೆ, ಅದನ್ನು ನೀವು ಹೇಗೆ ಓದಿದಿರಿ, ನೆಲದಲ್ಲಿ ಏನು ಕಂಡಿತು, ಕೆಳಗೆ ಬರೆಯಿರಿ. 'ಇಂಥಾ ಕಡೆ ಅದಾನ' ಅಂತ ಧೈರ್ಯವಾಗಿ ಹೇಳಿ ಆಮೇಲೆ ತಪ್ಪಿದ್ದರೆ, ಅದನ್ನೂ ಮುಚ್ಚಿಡದೆ ಬರೆಯಿರಿ. ಕಾಕಾಗೆ ಓದಲು ಬರುವುದಿಲ್ಲ. ನಾನು ಓದಿ ಹೇಳುತ್ತೇನೆ.